ಬಾಲ್ಕನಿ ಮುರಿಯುವುದು ಬುಡದಲ್ಲಿ, ನಾವು ನೋಡುವುದು ಅಂಚನ್ನು

ಪ್ರಶ್ನೆ: ನಾವಿರುವುದು ಐದು ಮಹಡಿಯ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ 22 ವರ್ಷ. ಮೊನ್ನೆ ಮೇಲಿನ ಮನೆಯ ಬಾಲ್ಕನಿಯ ಅಡಿಯಿಂದ ಅಂಗೈಯಗಲದ ಚೂರೊಂದು ನಮ್ಮ ಬಾಲ್ಕನಿಗೆ ಬಿತ್ತು. ಅಸೋಸಿಯೇಷನ್‌ನವರನ್ನು ಕೇಳಿದರೆ "ಬಾಲ್ಕನಿ ನಿಮ್ಮ ನಿಮ್ಮ ಫ್ಲ್ಯಾಟಿಗೆ ಸೇರಿದ್ದು, ನೀವೇ ಮಾಡಿಸಿಕೊಳ್ಳಿ" ಅಂತಾರೆ. ಅಪ್ಪ, ಅಮ್ಮ ಇರುವುದು ಎರಡಂತಸ್ತಿನ ಹಳೆಯ ಸ್ವಂತ ಮನೆಯಲ್ಲಿ. ಅಲ್ಲೂ ಮುಂದಕ್ಕೆ ಚಾಚಿದ ಬಾಲ್ಕನಿ ಇದೆ. ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಮರದ ಕಟ್ಟಡವೊಂದರಲ್ಲಿ ಬಾಡಿಗೆಗಿದ್ದಾನೆ. ಅಲ್ಲಿ ಬಾಲ್ಕನಿ ತಪಾಸಣೆ ಇದೆ ಅಂತ ಮಾಲೀಕರು ನೋಟಿಸ್ ಅಂಟಿಸಿದ್ದಾರಂತೆ. ಮೂರು ಕಡೆಗೂ ಒಂದೇ ಥರದ ತಪಾಸಣೆ ಸಾಕಾ? ಯಾರನ್ನು ಕರೆಸಬೇಕು, ಏನು ನೋಡಿಸಬೇಕು?

ಉತ್ತರ: ಮೊದಲು ಇವತ್ತಿನ ಕೆಲಸ. ಚೂರು ಬಿದ್ದ ಬಾಲ್ಕನಿಗೂ ಅದರ ಕೆಳಗಿನ ನಿಮ್ಮ ಬಾಲ್ಕನಿಗೂ ಯಾರೂ ಕಾಲಿಡಬಾರದು. ಬಾಗಿಲಿಗೆ ಚಿಲಕ ಹಾಕಿ, ಮೇಲಿನ ಮನೆಯವರಿಗೂ ಹೇಳಿ. ಬಿದ್ದ ಚೂರನ್ನು ಗುಡಿಸಿ ಬಿಸಾಡಿಲ್ಲ ತಾನೆ? ಇದ್ದರೆ ತಿರುಗಿಸಿ ಅದರ ಬೆನ್ನು ನೋಡಿ. ಬೆನ್ನು ಒಂದೇ ಸಮ ಬೂದು ಬಣ್ಣಕ್ಕಿದ್ದು, ಬರೀ ಮರಳು ಸಿಮೆಂಟ್ ಕಂಡರೆ ಪ್ಲಾಸ್ಟರ್ ಹಿಡಿತ ಬಿಟ್ಟಿದೆ ಅಷ್ಟೇ. ಜಲ್ಲಿ ಕಾಣುತ್ತಿದ್ದರೆ, ಕಂಬಿ ಒತ್ತಿದ ಗೆರೆ ಇದ್ದು ಆ ಗೆರೆಯುದ್ದಕ್ಕೂ ಕಂದು ಕಲೆ ಇದ್ದರೆ, ಬಿದ್ದಿದ್ದು ಗಾರೆಯಲ್ಲ, ಕಾಂಕ್ರೀಟೇ. ಒಳಗಿನ ಕಂಬಿ ತುಕ್ಕು ಹಿಡಿದಿದೆ ಅಂತ ಅರ್ಥ. ಕಬ್ಬಿಣ ತುಕ್ಕಾದಾಗ ಮೊದಲಿದ್ದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಾಂಕ್ರೀಟಿನೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಕ್ಕೆ ದೂಡುತ್ತದೆ. ಆ ಚೂರಿನ ಎರಡೂ ಮುಖದ ಫೋಟೋ ತೆಗೆದು, ಚೂರನ್ನೂ ಕವರಿನಲ್ಲಿ ಹಾಕಿ ಇಟ್ಟುಕೊಳ್ಳಿ. ಇಂಜಿನಿಯರ್ ಬಂದಾಗ ಮೊದಲು ಕೈಗೆ ಕೊಡಬೇಕಾದ್ದು ಅದೇ.

ಇನ್ನು ನಿಮ್ಮ ಪ್ರಶ್ನೆ. ಮೂರಕ್ಕೂ ಒಂದೇ ತಪಾಸಣೆ ಆಗುವುದಿಲ್ಲ. ಸ್ವಂತ ಮನೆಯೋ ಫ್ಲ್ಯಾಟೋ ಬಾಡಿಗೆ ಕಟ್ಟಡವೋ ಅನ್ನುವುದರ ಮೇಲೆ ತಪಾಸಣೆ ಯಾರು ಮಾಡಿಸಬೇಕು ಅನ್ನುವುದು ನಿಂತಿದೆ. ಏನು ನೋಡಬೇಕು ಅನ್ನುವುದನ್ನು ಮಾತ್ರ ಬಾಲ್ಕನಿಯನ್ನೇ ಕೇಳಬೇಕು: ಯಾವುದರಿಂದ ಮಾಡಿದ್ದು, ಯಾವುದರ ಮೇಲೆ ನಿಂತಿದ್ದು? ಜನ ಸಾಮಾನ್ಯವಾಗಿ ಮೊದಲನೆಯದರ ಬಗ್ಗೆ ಜಗಳ ಆಡುತ್ತಾ ಎರಡನೆಯದನ್ನು ಮರೆತೇಬಿಡುತ್ತಾರೆ. ನಾನು ಎರಡನೆಯದರಿಂದಲೇ ಶುರು ಮಾಡುತ್ತೇನೆ.

ಬಾಲ್ಕನಿಯ ಹೊರ ಅಂಚಿನ ಕೆಳಗೆ ಕಂಬವೋ ತೊಲೆಯೋ ಇದೆಯಾ ನೋಡಿ. ಇದ್ದರೆ ಅದು ಎರಡೂ ಕಡೆ ಆಧಾರವಿರುವ ಸ್ಲ್ಯಾಬ್, ಸ್ವಲ್ಪ ನೆಮ್ಮದಿ. ಏನೂ ಇಲ್ಲದೆ ಗೋಡೆಯಿಂದ ಸುಮ್ನೆ ಹೊರಕ್ಕೆ ಚಾಚಿದ್ದರೆ ಅದು ಕ್ಯಾಂಟಿಲಿವರ್. ತುಂಬಿದ ಬಿಂದಿಗೆ ಹಿಡಿದು ತೋಳನ್ನು ನೇರ ಚಾಚಿ ನಿಂತರೆ ಸೋಲುವುದು ಬೆರಳಲ್ಲ, ಭುಜ. ಅದೂ ಭುಜದ ಮೇಲ್ಭಾಗ ಎಳೆಯುತ್ತದೆ. ಚಾಚಿದ ಬಾಲ್ಕನಿಯದೂ ಅದೇ ಕತೆ. ಎಳೆತವೆಲ್ಲ ಬುಡದಲ್ಲಿ, ಸ್ಲ್ಯಾಬಿನ ಮೇಲ್ಮೈಯಲ್ಲಿ. ಅಂದರೆ ಬಾಗಿಲ ಹೊಸ್ತಿಲಿನ ಹತ್ತಿರ, ಟೈಲ್ಸ್ ಕೆಳಗೆ. ಯಾರ ಕಣ್ಣಿಗೂ ಬೀಳದ ಜಾಗ. ಕೆಳಗೆ ನಿಂತು ಕತ್ತೆತ್ತಿ ನೋಡಿ "ಪ್ಲಾಸ್ಟರ್ ಚೆನ್ನಾಗಿದೆ, ಪೇಂಟ್ ಹೊಡೆಸಿದರೆ ಸಾಕು" ಅನ್ನುವವರು ಭುಜ ಬಿಟ್ಟು ಬೆರಳು ನೋಡುತ್ತಿದ್ದಾರೆ.

ಕೋಣೆಯ ಸ್ಲ್ಯಾಬ್ ನಡುವೆ ಜಗ್ಗುತ್ತದೆ. ಹಾಗಾಗಿ ಅದರ ಮುಖ್ಯ ಕಂಬಿ ಕೆಳಗಡೆ ಇರುತ್ತದೆ. ಚಾಚಿದ ಸ್ಲ್ಯಾಬಿನಲ್ಲಿ ಉಲ್ಟಾ, ಮುಖ್ಯ ಕಂಬಿ ಮೇಲೆ ಇರಬೇಕು. ಕಟ್ಟುವಾಗ ಬಾರ್ ಬೆಂಡರ್ ಸರಿಯಾಗಿಯೇ ಕಟ್ಟಿರುತ್ತಾನೆ. ಆಮೇಲೆ ಕಾಂಕ್ರೀಟ್ ಹಾಕುವ ದಿನ ಬಾಂಡಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ. ಕಂಬಿ ಎತ್ತಿ ಹಿಡಿಯುವ ಚೇರುಗಳು ಮಡಚಿಕೊಳ್ಳುತ್ತವೆ, ಕಂಬಿ ಕೆಳಕ್ಕೆ ಕೂರುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

2016ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಆಂಜೆ ಎಂಬ ಊರಿನಲ್ಲಿ ಮೂರನೇ ಮಹಡಿಯ ಕಾಂಕ್ರೀಟ್ ಬಾಲ್ಕನಿಯೊಂದು ಕಳಚಿ ಕೆಳಗಿನ ಬಾಲ್ಕನಿಗಳನ್ನೂ ಎಳೆದುಕೊಂಡು ಬಿತ್ತು. ಹೊಸದಾಗಿ ಬಾಡಿಗೆಗೆ ಬಂದವರ ಮನೆಯಲ್ಲಿ ಪಾರ್ಟಿ ನಡೆದಿತ್ತು. ನಾಲ್ವರು ಸತ್ತರು. ಕಟ್ಟಡಕ್ಕೆ ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಪರಿಣತರು ಕಂಡುಕೊಂಡ ಮುಖ್ಯ ಕಾರಣಗಳಲ್ಲಿ ಒಂದು, ಕಂಬಿ ಇರಬೇಕಾದ ಎತ್ತರದಲ್ಲಿ ಇರಲಿಲ್ಲ ಅನ್ನುವುದು. ಮೇಲಿನವರ ಬಾಲ್ಕನಿ ಹಾಳಾದರೆ ನಿಮಗೇನು ಅಂತ ಅಸೋಸಿಯೇಷನ್‌ನಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳಿ. ಒಂದು ಬಿದ್ದರೆ ಅದರ ಕೆಳಗಿನವೂ ಉಳಿಯುವುದಿಲ್ಲ.

ನಾನೇ ನೋಡಿದ ಒಂದು ಹೇಳುತ್ತೇನೆ. ಹೊಸ ಪೇಂಟ್, ಅಡಿಯಲ್ಲಿ ಒಂದು ಕೂದಲೆಳೆ ಬಿರುಕೂ ಇಲ್ಲ. ಬಾಗಿಲ ಮುಂದಿನ ಟೈಲ್ಸ್‌ಗಳ ಸಂದಿನಲ್ಲಿ ಮಾತ್ರ ಗ್ರೌಟ್ ಪದೇ ಪದೇ ಬಿಟ್ಟುಕೊಳ್ಳುತ್ತಿತ್ತು. ಮನೆಯವರು ಮೂರು ಸಲ ಬಿಳಿ ಸಿಮೆಂಟ್ ತುಂಬಿಸಿದ್ದರು. ಒಂದು ಟೈಲ್ ಎಬ್ಬಿಸಿ, ಕೆಳಗಿನ ಗಾರೆ ಕೆರೆದೆವು. ಗೋಡೆಗುಂಟ ಉದ್ದಕ್ಕೂ ಬಿರುಕು, ವಿಸಿಟಿಂಗ್ ಕಾರ್ಡು ಸಲೀಸಾಗಿ ಇಳಿಯುವಷ್ಟು. ಕಾಂಕ್ರೀಟ್ ಒಡೆಯದೆ ಒಳಗಿನ ಕಂಬಿಯ ಆಳ ಹೇಳುವ ಕವರ್ ಮೀಟರ್ ಇಟ್ಟರೆ ಕಂಬಿ ಸಿಕ್ಕಿದ್ದು 65 ಮಿಲಿಮೀಟರ್ ಆಳದಲ್ಲಿ. ಸ್ಲ್ಯಾಬಿನ ದಪ್ಪವೇ 120. ಕಂಬಿ ಇರಬೇಕಿದ್ದದ್ದು ಮೇಲಿನಿಂದ ಸುಮಾರು 25ರಲ್ಲಿ. ಲೆಕ್ಕ ಸುಲಭ: 95 ಮಿಲಿಮೀಟರ್ ಆಳ ಕೆಲಸ ಮಾಡಬೇಕಿದ್ದಲ್ಲಿ 55 ಮಾತ್ರ ಮಾಡುತ್ತಿತ್ತು. ಶಕ್ತಿ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಲದ ಮೇಲೆ ಆ ಬಾಲ್ಕನಿ ಅಷ್ಟು ವರ್ಷ ನಿಂತಿತ್ತು. ಅದರ ಮೇಲೆ ವಾಷಿಂಗ್ ಮೆಷಿನ್ ಬೇರೆ.

ಹಾಗಾಗಿ ನಿಮ್ಮ ಕಾಂಕ್ರೀಟ್ ಬಾಲ್ಕನಿಗಳಲ್ಲಿ, ಫ್ಲ್ಯಾಟಿನದಿರಲಿ, ಅಪ್ಪ ಅಮ್ಮನ ಮನೆಯದಿರಲಿ, ಮೊದಲು ನೋಡಬೇಕಾದ್ದು ಬಾಗಿಲ ಬುಡ. ಗೋಡೆಗೆ ಸಮಾನಾಂತರವಾಗಿ ಬಿರುಕು ಇದೆಯಾ? ಹೊಸ್ತಿಲ ಹತ್ತಿರದ ಟೈಲ್ಸ್ ಎದ್ದಿವೆಯಾ? ನಾಣ್ಯದಿಂದ ತಟ್ಟಿದರೆ ಗಟ್ಟಿ ಜಾಗ ಠಣ್ ಅನ್ನುತ್ತದೆ, ಟೊಳ್ಳಾದ ಜಾಗ ಡೊಬ್ ಅನ್ನುತ್ತದೆ. ಒಂದು ಚೊಂಬು ನೀರು ಸುರಿಯಿರಿ. ನೀರು ಹೊರಗಿನ ಕೊಳವೆಯ ಕಡೆ ಹೋಗಬೇಕು. ಬಾಗಿಲ ಕಡೆ ತಿರುಗಿದರೆ ವಾಟ ತಪ್ಪಿದೆ, ನೀರು ದಿನಾ ಬುಡಕ್ಕೇ ಇಳಿಯುತ್ತಿದೆ. ಆಮೇಲೆ ಕೆಳಗಿನಿಂದ ನೋಡಿ. ಕಂದು ಕಲೆ, ಬಿಳಿ ಉಪ್ಪಿನ ಹೊರೆ, ಕಂಬಿ ಇರುವ ಗೆರೆಯಲ್ಲೇ ಓಡುವ ಬಿರುಕು, ಇವೆಲ್ಲ ನೀರು ಒಳಗೆ ದಾರಿ ಮಾಡಿಕೊಂಡಿರುವುದರ ಗುರುತು. ಹೊರ ಅಂಚು ಕೆಳಕ್ಕೆ ಜಗ್ಗಿದಂತೆ ಕಂಡರೆ, ರೇಲಿಂಗ್ ಮತ್ತು ಗೋಡೆಯ ನಡುವೆ ಮೊದಲಿಲ್ಲದ ಸಂದು ಬಿಟ್ಟಿದ್ದರೆ, ನಾಳೆ ನೋಡೋಣ ಅನ್ನಬೇಡಿ.

ಇಷ್ಟು ನಿಮ್ಮ ಕೈಲಾಗುವ ಕೆಲಸ. ಇದು ತಪಾಸಣೆ ಅಲ್ಲ, ತಪಾಸಣೆ ಬೇಕಾ ಬೇಡವಾ ಅಂತ ತಿಳಿಯುವ ದಾರಿ. ಮೇಲೆ ಹೇಳಿದ ಗುರುತುಗಳಲ್ಲಿ ಒಂದು ಕಂಡರೂ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಬಣ್ಣದ ಕಂಟ್ರ್ಯಾಕ್ಟರ್ ಅಲ್ಲ, ವಾಟರ್‌ಪ್ರೂಫಿಂಗ್ ಕಂಪನಿಯ ಉಚಿತ ತಪಾಸಣೆಯೂ ಅಲ್ಲ. ಉಚಿತವಾಗಿ ನೋಡಲು ಬಂದವನಿಗೆ ಏನು ಕಾಣುತ್ತದೆ ಅಂತ ಹೇಳಬೇಕಾ? ಅವನು ಮಾರುವ ವಸ್ತು ಬೇಕಾದ ರೋಗವೇ ಕಾಣುತ್ತದೆ. ನೋಡುವವರು ಬೇರೆ, ರಿಪೇರಿ ಮಾಡುವವರು ಬೇರೆ ಇರಲಿ.

ಇಂಜಿನಿಯರ್ ಬಂದು ಹತ್ತು ನಿಮಿಷ ನೋಡಿ ಹೊರಟರೆ ಬಿಡಬೇಡಿ. ಕನಿಷ್ಠ ಬುಡದಲ್ಲಿ ಒಂದೆರಡು ಕಡೆ ಟೈಲ್ ತೆಗೆಸಬೇಕು. ಕವರ್ ಮೀಟರಿನಿಂದ ಕಂಬಿಯ ಆಳ ಅಳೆಯಬೇಕು. ಅಡಿಭಾಗವನ್ನೆಲ್ಲ ಸುತ್ತಿಗೆಯಿಂದ ತಟ್ಟಿ ಟೊಳ್ಳು ಗುರುತಿಸಬೇಕು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ದ್ರಾವಣ ಚಿಮುಕಿಸುವ ಪರೀಕ್ಷೆ ಒಂದಿದೆ, ನೋಡಲು ಮಜಾ ಇರುತ್ತದೆ. ಒಳ್ಳೆಯ ಕಾಂಕ್ರೀಟ್ ಕಡು ಗುಲಾಬಿ ಆಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು ಕ್ಷಾರ ಕಳೆದುಕೊಂಡ ಕಾಂಕ್ರೀಟ್ ಬಣ್ಣ ಬದಲಿಸುವುದೇ ಇಲ್ಲ. ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತಿದ್ದದ್ದು ಆ ಕ್ಷಾರವೇ. ಬಣ್ಣ ಏರದ ಪದರ ಕಂಬಿಯವರೆಗೂ ಮುಟ್ಟಿದ್ದರೆ ಮೇಲೆ ಎಷ್ಟು ಪ್ಲಾಸ್ಟರ್ ಬಳಿದರೂ ತುಕ್ಕು ನಿಲ್ಲುವುದಿಲ್ಲ.

ಭಾರದ ಬಗ್ಗೆ ಒಂದು ಮಾತು. ಇದನ್ನು ಯಾರೂ ಕೇಳುವುದಿಲ್ಲ, ನಾನಾಗಿ ಹೇಳುತ್ತೇನೆ. ಯುರೋಪಿನ ಕಟ್ಟಡ ವಿನ್ಯಾಸದ ನಿಯಮ ಸಂಹಿತೆ ಬಾಲ್ಕನಿಗೆ ಚದರ ಮೀಟರಿಗೆ 2.5ರಿಂದ 4 ಕಿಲೋನ್ಯೂಟನ್, ಅಂದರೆ ಸುಮಾರು 250ರಿಂದ 400 ಕಿಲೋ ಭಾರ ಹಿಡಿದು ವಿನ್ಯಾಸ ಮಾಡಿ ಅನ್ನುತ್ತದೆ. ಜಾಸ್ತಿ ಅನ್ನಿಸುತ್ತೆ ಅಲ್ವಾ? ಈಗ ನೋಡಿ. ಹಳೆ ಟೈಲ್ಸ್ ಮೇಲೇ ಗಾರೆ ಹಾಕಿ ಹೊಸ ಟೈಲ್ಸ್ ಕೂರಿಸಿದರೆ, ಒಟ್ಟು ಐದು ಸೆಂಟಿಮೀಟರ್ ದಪ್ಪ ಅಂದುಕೊಂಡರೂ, ಚದರ ಮೀಟರಿಗೆ ನೂರು ಕಿಲೋ ಹೊಸ ಭಾರ. ನೀರು ಹೋಗುವ ಕೊಳವೆ ಕಟ್ಟಿಕೊಂಡು ಹತ್ತು ಸೆಂಟಿಮೀಟರ್ ನೀರು ನಿಂತರೆ ಇನ್ನೊಂದು ನೂರು. ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗಿಡದ ತೊಟ್ಟಿಯಲ್ಲಿ ಒದ್ದೆ ಮಣ್ಣು ಇನ್ನೂರು ಕಿಲೋ ದಾಟುತ್ತದೆ. ಇಂಥ ತೊಟ್ಟಿಗಳನ್ನು ನಾವು ಇಡುವುದು ಎಲ್ಲಿ? ರೇಲಿಂಗ್ ಪಕ್ಕದಲ್ಲಿ, ತುದಿಯಲ್ಲೇ. ಅದೇ ಭಾರ ಬಾಲ್ಕನಿ ತುಂಬ ಹರಡಿದ್ದಾಗ ಬುಡಕ್ಕೆ ಆಗುವ ಒತ್ತಡಕ್ಕಿಂತ ತುದಿಯಲ್ಲಿಟ್ಟಾಗ ಎರಡು ಪಟ್ಟು ಆಗುತ್ತದೆ. ಗಿಡ ಬೇಡ ಅನ್ನುತ್ತಿಲ್ಲ. ಸಣ್ಣ ಕುಂಡಗಳನ್ನು ಗೋಡೆ ಕಡೆ ಇಡಿ ಅಂತಿದ್ದೇನೆ.

ತಮ್ಮನ ಕಟ್ಟಡಕ್ಕೆ ಬರೋಣ. ಅಲ್ಲಿ ತುಕ್ಕಿನ ಬದಲು ಕೊಳೆತ. ಮರದ ಜಂತೆಗಳು ಗೋಡೆಯೊಳಗಿಂದ ಹೊರಕ್ಕೆ ಚಾಚಿರುತ್ತವೆ, ಮೇಲೆ ಹಲಗೆ, ಅದರ ಮೇಲೆ ನೀರು ತಡೆಯುವ ಪದರ, ಕೆಳಗಡೆಯೂ ಮುಚ್ಚಿಗೆ. ಮೇಲಿನ ಪದರದಲ್ಲಿ ಒಂದು ಸಣ್ಣ ದಾರಿ ಸಿಕ್ಕರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒಣಗಲು ಗಾಳಿಯೂ ಇಲ್ಲ. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಂಥ ಬಾಲ್ಕನಿಯೊಂದು ಹುಟ್ಟುಹಬ್ಬದ ರಾತ್ರಿ ಮುರಿದು ಬಿತ್ತು. 6 ಜನ ಸತ್ತರು, 7 ಜನ ತೀವ್ರವಾಗಿ ಗಾಯಗೊಂಡರು. ಹೆಚ್ಚಿನವರು ರಜೆಯಲ್ಲಿ ಕೆಲಸಕ್ಕೆಂದು ಬಂದಿದ್ದ ಐರ್ಲೆಂಡಿನ ವಿದ್ಯಾರ್ಥಿಗಳು. ಜಂತೆಗಳು ಬುಡದಲ್ಲಿ ಕೊಳೆತು ಪುಡಿಯಾಗಿದ್ದವು. ಕಟ್ಟಡ ಶುರುವಾಗಿ ಎಂಟೇ ವರ್ಷ. ಹಳೆಯದಾದರೆ ಮಾತ್ರ ಭಯ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ತಮ್ಮನ ಮಾಲೀಕರು ನೋಟಿಸ್ ಅಂಟಿಸಿರುವುದು ಆ ದುರಂತದ ನಂತರ ಬಂದ ಕಾನೂನಿನಿಂದ. ಕ್ಯಾಲಿಫೋರ್ನಿಯಾ ಎರಡು ಕಾನೂನು ಮಾಡಿತು, ಎರಡೂ ಕಟ್ಟಡದ ಥರ ನೋಡಿ ಬೇರೆ ಬೇರೆ. ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳಿಗೆ 2018ರ ಎಸ್‌ಬಿ (ಸೆನೆಟ್ ಬಿಲ್) 721. ಮನೆಮನೆಗೂ ಬೇರೆ ಮಾಲೀಕರಿದ್ದು ಸಂಘ ನಡೆಸುವ ಕಟ್ಟಡಗಳಿಗೆ 2019ರ ಎಸ್‌ಬಿ 326. ಎರಡರಲ್ಲೂ ಲೆಕ್ಕಕ್ಕೆ ಬರುವುದು ನೆಲದಿಂದ 6 ಅಡಿಗಿಂತ ಎತ್ತರದಲ್ಲಿದ್ದು ಮರದ ಆಧಾರದ ಮೇಲೆ ನಿಂತಿರುವ ಬಾಲ್ಕನಿ, ಮೆಟ್ಟಿಲು, ಓಡಾಡುವ ಜಾಗ. ಬಾಡಿಗೆ ಕಟ್ಟಡದಲ್ಲಿ ಪ್ರತಿ ಬಗೆಯಲ್ಲೂ ಕನಿಷ್ಠ ನೂರಕ್ಕೆ 15ನ್ನು ನೋಡಬೇಕು, 6 ವರ್ಷಕ್ಕೊಮ್ಮೆ. ಮೊದಲ ಸುತ್ತಿನ ಗಡುವು 2025ರ ಜನವರಿ 1 ಇದ್ದದ್ದನ್ನು ಆಮೇಲೆ 2026ರ ಜನವರಿ 1ಕ್ಕೆ ಮುಂದೂಡಿದರು. ಸಂಘದ ಕಟ್ಟಡಗಳಿಗೆ 9 ವರ್ಷಕ್ಕೊಮ್ಮೆ. ಅಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ, 95% ನಂಬಿಕೆ ಬರುವಷ್ಟು ಬಾಲ್ಕನಿಗಳನ್ನು ಆರಿಸಬೇಕು.

ತಮ್ಮನಿಗೆ ಹೇಳಿ: ಅವರು ಬಂದಾಗ ಬಾಗಿಲು ತೆಗೆದುಕೊಡಲಿ. ಅಡಿಯ ಮುಚ್ಚಿಗೆಗೆ ಸಣ್ಣ ತೂತು ಕೊರೆದು, ಬೋರೋಸ್ಕೋಪ್ ಅನ್ನುವ ಸಣ್ಣ ಕ್ಯಾಮೆರಾ ತೂರಿಸಿ ಜಂತೆ ನೋಡುತ್ತಾರೆ. ತೇವ ಅಳೆಯುವ ಮೀಟರ್ ಚುಚ್ಚುತ್ತಾರೆ. ಹಾಗೇನೂ ಮಾಡದೆ ಮೇಲೆ ನಿಂತು ಕುಣಿದು ನೋಡಿದರೆ ಅದು ತಪಾಸಣೆ ಅಲ್ಲ. ಇನ್ನೊಂದು ಮಾತು, ಆರಿಸುವ ಆ ನೂರಕ್ಕೆ 15ರಲ್ಲಿ ಅವನ ಬಾಲ್ಕನಿ ಇಲ್ಲದೆಯೂ ಇರಬಹುದು. ಹಲಗೆ ಮೆತ್ತಗಾಗಿದ್ದರೆ, ಅಣಬೆ ಎದ್ದಿದ್ದರೆ, ಅಡಿಯಲ್ಲಿ ಕಲೆ ಇದ್ದರೆ ಮಾಲೀಕರಿಗೆ ಬರವಣಿಗೆಯಲ್ಲಿ ಕೊಡಲಿ. ಜನ ಸೇರಿಸುವುದನ್ನೂ ಅಲ್ಲಿಯವರೆಗೆ ಬಿಡಲಿ. 2003ರಲ್ಲಿ ಷಿಕಾಗೋದ ಒಂದು ಮನೆಯ ಹಿಂದಿನ ಮರದ ಪಡಸಾಲೆ ಪಾರ್ಟಿಯ ಜನದ ಭಾರಕ್ಕೆ ಕುಸಿದು 13 ಜನ ಸತ್ತರು.

ಈಗ ನಿಮ್ಮ ಅಸೋಸಿಯೇಷನ್. ಬಾಲ್ಕನಿ ನಿಮ್ಮದೇ ಅನ್ನುವುದು ಅರ್ಧ ನಿಜ. ಅಲ್ಲಿ ಕೂತು ಕಾಫಿ ಕುಡಿಯುವ ಹಕ್ಕು ನಿಮ್ಮದು. ಟೈಲ್ಸ್, ಕುಂಡ, ಬಟ್ಟೆ ಒಣಗಿಸುವ ತಂತಿಯೂ ನಿಮ್ಮದು. ಆದರೆ ಸ್ಲ್ಯಾಬ್, ಅದರೊಳಗಿನ ಕಂಬಿ, ಅದು ಹೊಕ್ಕಿರುವ ತೊಲೆ ಕಟ್ಟಡದ ಮೈಯ ಭಾಗ. ನಿಮ್ಮ ಸ್ಲ್ಯಾಬೇ ಕೆಳಗಿನವರ ಸೂರು. ಸಾಮಾನ್ಯವಾಗಿ ಇವು ಎಲ್ಲರಿಗೂ ಸೇರಿದ ಆಸ್ತಿ. ನಿಮ್ಮ ಕ್ರಯಪತ್ರ ಮತ್ತು ಸಂಘದ ನಿಯಮ ತೆಗೆದು "ಸಾಮಾನ್ಯ ಪ್ರದೇಶ" ಅನ್ನುವ ಪಟ್ಟಿ ಓದಿ. ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಕಾಗದದ ಮಾತು ಬಿಟ್ಟರೂ, ಒಂದೇ ಕಂಟ್ರ್ಯಾಕ್ಟರ್, ಒಂದೇ ಡ್ರಾಯಿಂಗ್, ಒಂದೇ ಮೇಸ್ತ್ರಿ ಕಟ್ಟಿದ ಬಾಲ್ಕನಿಗಳಲ್ಲಿ ಒಂದರ ತಪ್ಪು ಹತ್ತರಲ್ಲಿ ಇರುತ್ತದೆ. ಒಬ್ಬೊಬ್ಬರೇ ಮಾಡಿಸಿಕೊಂಡರೆ ಆ ಪಾಠ ಯಾರಿಗೂ ಸಿಗುವುದಿಲ್ಲ.

ಎತ್ತರದ ಕಟ್ಟಡಗಳನ್ನು ಕಾನೂನು ಹೀಗೇ ಒಟ್ಟಾಗಿ ಹಿಡಿಯುತ್ತದೆ. ಸಿಂಗಪುರದಲ್ಲಿ ವಸತಿ ಕಟ್ಟಡಗಳ ರಚನೆಯನ್ನು 10 ವರ್ಷಕ್ಕೊಮ್ಮೆ ಇಂಜಿನಿಯರ್ ನೋಡಬೇಕು. ಹಾಂಗ್‌ಕಾಂಗ್‌ನಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ 2012ರಿಂದ ಕಡ್ಡಾಯ ತಪಾಸಣೆ ಇದೆ. ಆದರೆ ಅಲ್ಲೂ ಮೂರು ಮಹಡಿ ಮೀರದ ವಸತಿ ಕಟ್ಟಡಗಳನ್ನು ಬಿಟ್ಟಿದ್ದಾರೆ. ಅಂದರೆ ನಿಮ್ಮ ಅಪ್ಪ ಅಮ್ಮನ ಮನೆಯಂಥ ಮನೆಗಳಿಗೆ ನೋಟಿಸ್ ಅಂಟಿಸುವವರು ಯಾರೂ ಇಲ್ಲ. ನನಗೆ ಜಾಸ್ತಿ ಯೋಚನೆ ಇರುವುದು ಆ ಬಾಲ್ಕನಿಯದೇ. ಡ್ರಾಯಿಂಗ್ ಇರುವುದಿಲ್ಲ, ಇಂಜಿನಿಯರ್ ನೋಡಿಯೇ ಇರುವುದಿಲ್ಲ. ಆಮೇಲೆ ಅದರ ಅಂಚಿನ ಮೇಲೆ ಇಟ್ಟಿಗೆ ಪ್ಯಾರಪೆಟ್ ಎಬ್ಬಿಸಿರುತ್ತಾರೆ, ಇಲ್ಲ ಗ್ರಿಲ್ ಹಾಕಿ ಕೋಣೆ ಮಾಡಿಕೊಂಡಿರುತ್ತಾರೆ. ಮುಂದಿನ ಸಲ ಹೋದಾಗ ಅಪ್ಪನನ್ನು ಒಂದೇ ಒಂದು ಕೇಳಿ: ಕಟ್ಟಿದ ಮೇಲೆ ಇದರ ಮೇಲೆ ಏನೇನು ಏರಿಸಿದ್ದೀರಿ?

ರೇಲಿಂಗ್ ಬಗ್ಗೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಅಮೆರಿಕದ ಮಾದರಿ ಸಂಹಿತೆಗಳು ಒಂದೆರಡು ಕುಟುಂಬದ ಮನೆಗೆ 36 ಇಂಚು, ಅಪಾರ್ಟ್‌ಮೆಂಟಿಗೆ 42 ಇಂಚು ಎತ್ತರ ಕೇಳುತ್ತವೆ. ಕಂಬಿಗಳ ನಡುವೆ 4 ಇಂಚಿನ ಚೆಂಡು ತೂರಬಾರದು, ಮಗುವಿನ ತಲೆಯ ಲೆಕ್ಕ ಅದು. ನೀವು ನೋಡಬೇಕಾದ್ದು ರೇಲಿಂಗಿನ ಕಾಲು ನೆಲಕ್ಕೆ ಸೇರುವ ಜಾಗ. ಅಲ್ಲಿ ನೀರು ನಿಂತು ಒಳಗಿನಿಂದ ತಿಂದಿರುತ್ತದೆ, ಮೇಲೆ ಪೇಂಟ್ ಮಾತ್ರ ನಿಂತಿರುತ್ತದೆ. ಒಳಗೆ ನಿಂತು, ನಿಮ್ಮ ಕಡೆಗೆ ಎಳೆದು ಅಲ್ಲಾಡುತ್ತದಾ ನೋಡಿ. ಹೊರಕ್ಕೆ ದೂಡಿ ಪರೀಕ್ಷೆ ಮಾಡಬೇಡಿ ಮಾರಾಯರೇ.

ಇಂಜಿನಿಯರ್ ಬರುವವರೆಗೆ ಯಾರಾದರೂ ಕೆಳಗಿನಿಂದ ಪ್ರಾಪ್, ಅಂದರೆ ತಾತ್ಕಾಲಿಕ ಆಧಾರದ ಕಂಬ, ಕೊಡೋಣ ಅನ್ನಬಹುದು. ಲೆಕ್ಕ ಹಾಕದೆ ಬೇಡ. ಐದನೇ ಮಹಡಿಯ ಬಾಲ್ಕನಿಗೆ ನಿಮ್ಮ ಬಾಲ್ಕನಿಯ ಮೇಲೆ ಪ್ರಾಪ್ ನಿಲ್ಲಿಸಿದರೆ ಅದರ ಭಾರವೂ ನಿಮ್ಮ ಬಾಲ್ಕನಿಯ ಬುಡಕ್ಕೇ. ಕೊಟ್ಟರೆ ನೆಲ ಮುಟ್ಟುವವರೆಗೂ ಒಂದರ ಕೆಳಗೊಂದು ಕೊಡಬೇಕು, ಎಲ್ಲಿ ಎಷ್ಟು ಬಿಗಿ ಅಂತ ಇಂಜಿನಿಯರ್ ಹೇಳಬೇಕು. ಹಾಗೆಯೇ, ಬಿದ್ದ ಜಾಗಕ್ಕೆ ಈಗಲೇ ಗಾರೆ ಮೆತ್ತಿಸಬೇಡಿ. ಮುಚ್ಚಿದರೆ ನೋಡುವವರಿಗೆ ಏನೂ ಕಾಣುವುದಿಲ್ಲ.

ಮುಂದಿನ ಸಭೆಗೆ ಆ ಚೂರನ್ನೇ ತೆಗೆದುಕೊಂಡು ಹೋಗಿ, ಮೇಜಿನ ಮೇಲೆ ಬೆನ್ನು ಮೇಲಾಗಿ ಇಡಿ. ಎಲ್ಲ ಬಾಲ್ಕನಿಗಳ ತಪಾಸಣೆಗೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಗೊತ್ತುಮಾಡಲು ಬರವಣಿಗೆಯಲ್ಲಿ ಕೇಳಿ. ವರದಿಯಲ್ಲಿ ಪ್ರತಿ ಬಾಲ್ಕನಿಗೂ ಫೋಟೋ, ಕಂಬಿಯ ಆಳ, ಈಗ ಬಳಸಬಹುದೇ ಇಲ್ಲವೇ ಅನ್ನುವ ಒಂದು ಸಾಲು, ಮತ್ತೆ ಯಾವಾಗ ನೋಡಬೇಕು ಅನ್ನುವ ವರ್ಷ ಇರಲಿ. ಮೊದಲ ಟೈಲ್ ಎಬ್ಬಿಸುವುದು ಐದನೇ ಮಹಡಿಯ ಆ ಬಾಲ್ಕನಿಯ ಹೊಸ್ತಿಲಲ್ಲೇ ಆಗಲಿ.